ವಾರ್ಡನಮ್ಮ ಆರಿಸಿದ ಸಾಧು ಮೀನು

ಯಜಮಾನರು ತೀರಿಕೊಂಡ ಮೇಲೆ ವಾರ್ಡನಮ್ಮ ಎಲ್ಲವನ್ನೂ ಒಂದೊಂದಾಗಿ ವಿಲೇವಾರಿ ಮಾಡಿದರು. ಕನ್ನಡಕದ ಅಂಗಡಿಯನ್ನು ಅಲ್ಲೇ ಕೆಲಸ ಮಾಡುತ್ತಿದ್ದವನು ವಹಿಸಿಕೊಂಡ. ಕೋಟು, ಚಪ್ಪಲಿ, ಕೊಡೆ ಬೇಕಾದವರ ಪಾಲಾದವು. ಆದರೆ ನಡುಮನೆಯ ಗೋಡೆಯುದ್ದಕ್ಕೂ ನಿಂತಿದ್ದ ಹವಳದ ತೊಟ್ಟಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ಕೊಡುತ್ತಿರಲಿಲ್ಲ.

ಅದು ಉಪ್ಪುನೀರಿನ ಅಕ್ವೇರಿಯಂ. ಒಳಗೆ ಬಂಡೆ, ಬಂಡೆಯ ಮೇಲೆ ಜೀವಂತ ಹವಳ, ಕೆಳಗೆ ಮರಳು. ಮರಳಿನ ಬಲಮೂಲೆಯಲ್ಲಿ ಒಂದು ಬಿಲ. ಆ ಬಿಲದಲ್ಲಿ ಒಂದು ಮೀನು, ಒಂದು ಸಿಗಡಿ ಒಟ್ಟಿಗೆ ಸಂಸಾರ ಹೂಡಿದ್ದವು. ಸಿಗಡಿಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೆ. ಬಿಲ ತೋಡಿ ಮರಳು ಹೊರಹಾಕುವುದು ಅದರ ಕಸುಬು. ಬಾಗಿಲಲ್ಲಿ ಕಾವಲು ನಿಲ್ಲುವುದು ಮೀನಿನ ಕಸುಬು. ಸಿಗಡಿ ಹೊರಗೆ ಬಂದಾಗಲೆಲ್ಲ ತನ್ನ ಉದ್ದ ಮೀಸೆಯೊಂದನ್ನು ಮೀನಿನ ಬಾಲದ ಮೇಲೆ ಇಟ್ಟುಕೊಂಡೇ ಇರುತ್ತಿತ್ತು. ಅಪಾಯ ಕಂಡರೆ ಮೀನು ಬಾಲ ಅದುರಿಸುವುದು, ಇಬ್ಬರೂ ಒಳಗೆ ನುಗ್ಗುವುದು. ಯಜಮಾನರು ಮೀನಿಗೆ ವಾಚ್‌ಮನ್ ಎಂದೂ ಸಿಗಡಿಗೆ ಮೇಸ್ತ್ರಿ ಎಂದೂ ಹೆಸರಿಟ್ಟಿದ್ದರು. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟೆ, ಈ ಮೇಸ್ತ್ರಿಯೊಬ್ಬನ ಮೂಗಿಗೆ ಮಾತ್ರ ಫ್ರೇಮು ಕೂರಲಿಲ್ಲ ಎಂದು ಬಂದವರಿಗೆಲ್ಲ ಹೇಳಿ, ಬಂದವರಿಗಿಂತ ಮೊದಲು ತಾವೇ ನಗುತ್ತಿದ್ದರು.

ಈಗ ಆ ತೊಟ್ಟಿಗೆ ಹುಳು ಬಿದ್ದಿತ್ತು. ತುಕ್ಕಿನ ಬಣ್ಣದ, ಉಗುರಿನ ಚೂರಿನಂಥ ಚಪ್ಪಟೆ ಹುಳುಗಳು ಹವಳದ ಮೇಲೆಲ್ಲ ಹರಡಿಕೊಂಡಿದ್ದವು. ಯಜಮಾನರು ಗುಂಡಿಯಷ್ಟು ಚೂರು ತಂದು ಎಲೆಕೋಸಿನಷ್ಟು ಬೆಳೆಸಿದ್ದ ಹಸಿರು ಹವಳವೊಂದಿತ್ತು. ಬೆಳಗ್ಗೆ ದೀಪ ಹಾಕಿದೊಡನೆ ನೂರಾರು ಬೆರಳು ಚಾಚಿ ತೂಗಾಡುತ್ತಿದ್ದ ಅದು ಈಗ ಮುಷ್ಟಿ ಬಿಗಿದು ಕುಳಿತಿತ್ತು. ಮೀನಿನಂಗಡಿಯವನು ಫೋನಿನಲ್ಲಿ ವಿವರಿಸಿದ. ಹೀಗೇ ಬಿಟ್ಟರೆ ಹವಳ ಸಾಯುತ್ತದೆ. ಔಷಧ ಹಾಕಿದರೆ ಸಿಗಡಿ ಉಳಿಯುವ ಭರವಸೆ ತಾನು ಕೊಡಲಾರ. ರ‍್ಯಾಸ್ ಎಂಬ ಜಾತಿಯ ಮೀನು ತಂದು ಬಿಟ್ಟರೆ ಅದು ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಆದರೆ ಆ ಜಾತಿಯಲ್ಲಿ ಸಾಧುಗಳೂ ಇದ್ದಾರೆ, ಪುಂಡರೂ ಇದ್ದಾರೆ. ಪುಂಡ ಬಂದರೆ ವಾಚ್‌ಮನ್ ಬಿಲ ಬಿಟ್ಟು ಹೊರಬರುವುದಿಲ್ಲ. ವಾಚ್‌ಮನ್ ಬಾರದೆ ಮೇಸ್ತ್ರಿ ಬರುವುದಿಲ್ಲ. ಇಬ್ಬರೂ ಒಳಗೇ ಹಸಿದು ಸಾಯುತ್ತಾರೆ.

ವಾರ್ಡನಮ್ಮ ಅಂದು ದೇವರ ಮುಂದೆ ಕುಳಿತು ತಮಗಾಗಿ ಏನನ್ನೂ ಕೇಳಲಿಲ್ಲ. ಅವರು ಬಿಟ್ಟುಹೋದದ್ದು ನನ್ನ ಕೈಯಲ್ಲಿ ಹಾಳಾಗದಿರಲಿ, ಒಂದು ಸಾಧು ಪ್ರಾಣಿಯನ್ನು ತೋರಿಸು ಎಂದರು. ಬೇಡಿಕೊಂಡ ಮೇಲೆ ಧೈರ್ಯ ಬಂತು. ಅರ್ಧ ಆಯುಷ್ಯ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು ಅವರು. ಯಾರನ್ನು ಯಾವ ಕೋಣೆಗೆ ಹಾಕಿದರೆ ಜಡೆಗೆ ಜಡೆ ಸಿಕ್ಕಿಕೊಳ್ಳುವುದಿಲ್ಲ ಎಂಬುದು, ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ ಭಂಗಿಯಿಂದಲೇ ಅವರಿಗೆ ತಿಳಿಯುತ್ತಿತ್ತು.

ಮೀನಿನಂಗಡಿಗೆ ಅವರ ತಮ್ಮನೂ ಜೊತೆಯಾದ. ಅವನು ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಭಾವ ಹೋದ ಮೇಲೆ ಅಕ್ಕನ ಮನೆಗೇ ಬಂದು ನೆಲೆಸಿ, ಅಡುಗೆಮನೆಯ ಅರ್ಧವನ್ನು ವಶಪಡಿಸಿಕೊಂಡಿದ್ದ. ಜಾಗದ ವಿಷಯದಲ್ಲಿ ಅವನ ಸಿದ್ಧಾಂತವೇ ಬೇರೆ. ಅವನ ಪ್ರಕಾರ ಲೋಕದಲ್ಲಿ ತುಂಬಿದ ಬಸ್ಸು ಎಂಬುದಿಲ್ಲ. ಬಾಗಿಲಲ್ಲೇ ನಿಂತುಬಿಡುವ ಜನ ಇದ್ದಾರೆ, ಅಷ್ಟೆ.

ಅಂಗಡಿಯ ಒಳಕೋಣೆಯಲ್ಲಿ ನೀಲಿ ಬೆಳಕು, ಪಂಪುಗಳ ಸದ್ದು, ಕಾಲ ಕೆಳಗೆ ಒದ್ದೆ. ಅಂಗಡಿಯವನು ಮೊದಲು ತೋರಿಸಿದ್ದು ನೇರಳೆ ಮೈಮೇಲೆ ಉದ್ದಕ್ಕೆ ಆರು ಗೆರೆ ಎಳೆದಂತಿದ್ದ ಬೆರಳಿನಷ್ಟು ಮೀನನ್ನು. ಹುಳು ತಿನ್ನುವುದರಲ್ಲಿ ಇದಕ್ಕೆ ಸಾಟಿಯಿಲ್ಲವೆಂದು ಹೊಗಳಿದ. ತಮ್ಮ ಒಂದೇ ನೋಟಕ್ಕೆ ಮರುಳಾದ.

"ಇದು ಸಾಧುನಾ?" ಎಂದು ವಾರ್ಡನಮ್ಮ ಕೇಳಿದರು.

"ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ ಅಮ್ಮ."

"ಮಗಳನ್ನ ಹಾಸ್ಟೆಲಿಗೆ ಬಿಡೋಕೆ ಬಂದ ಅಪ್ಪಂದಿರೆಲ್ಲ ನಂಗೆ ಇದೇ ಮಾತು ಹೇಳಿದ್ದಾರಪ್ಪ. ಸ್ವಲ್ಪ ಆ ಕಡೆ ಸರಿ, ನಾನೇ ನೋಡ್ತೀನಿ."

ಅವರು ಕೈಚೀಲದಿಂದ ಪುಟ್ಟ ಕನ್ನಡಿಯೊಂದನ್ನು ತೆಗೆದು ಗಾಜಿಗೆ ಒತ್ತಿ ಹಿಡಿದರು. ಆರು ಗೆರೆಯದು ಅದರಲ್ಲಿ ತನ್ನ ಮುಖ ಕಂಡದ್ದೇ ತಡ, ರೆಕ್ಕೆ ನಿಗುರಿಸಿ ಡಿಕ್ಕಿ ಹೊಡೆಯಿತು; ಹಿಂದೆ ಸರಿದು ಮತ್ತೆ ಹೊಡೆಯಿತು. ಅಂಗಡಿಯವನು ಮೇಲ್ಛಾವಣಿ ನೋಡತೊಡಗಿದ. ತನ್ನ ಮುಖವನ್ನೇ ಸಹಿಸದವನು ಪಕ್ಕದವರದನ್ನು ಸಹಿಸುತ್ತಾನೆಯೇ ಎಂದುಕೊಂಡು ವಾರ್ಡನಮ್ಮ ಮುಂದಿನ ಗಾಜಿಗೆ ಹೋದರು. ಅಲ್ಲಿದ್ದ ಕೆಂಪು ಮೀನು ಕನ್ನಡಿ ಕಂಡು ಕಲ್ಲಿನ ಹಿಂದೆ ಅಡಗಿ, ಹೊರಬರಲೇ ಇಲ್ಲ. ಇಂಥವಳು ಮನೆ ನೆನೆನೆನೆದು ಅತ್ತು, ಪಕ್ಕದವರನ್ನೂ ಅಳಿಸುತ್ತಾಳೆ ಎಂದರು. ಮೂರನೆಯದರಲ್ಲಿ ನಿಂಬೆಹಣ್ಣಿನ ಬಣ್ಣದ, ತೆಳುಮೈಯ ಮೀನು. ಅದು ಹತ್ತಿರ ಬಂದು ಒಂದು ಕಣ್ಣಿನಿಂದ ನೋಡಿ, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿ, ಗಾಜಿಗೆ ಅಂಟಿದ್ದ ಏನನ್ನೋ ಕುಕ್ಕಿ ತಿಂದು ತನ್ನ ಕೆಲಸಕ್ಕೆ ಹೊರಟುಹೋಯಿತು.

"ಇವಳು," ಎಂದರು ವಾರ್ಡನಮ್ಮ.

ತಮ್ಮನಿಗೆ ಸಮಾಧಾನವಿಲ್ಲ. ಆರು ಗೆರೆಯದೇ ಕೆಲಸಗಾರ, ಮುಖ ನೋಡಿ ಯಾರಾದರೂ ಆಳನ್ನು ಕರೆಯುತ್ತಾರೆಯೇ, ಒಳಗೆ ಹೋದ ಮೇಲೆ ಎಲ್ಲರೂ ತಾವೇ ಹೊಂದಿಕೊಳ್ಳುತ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದ. ಆದರೆ ಹಳದಿ ಮೀನಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದ.

ಮನೆಯಲ್ಲಿ ಹೊಸಬಳನ್ನು ಮೊದಲು ತೂತುಗಳಿದ್ದ ಪಾರದರ್ಶಕ ಡಬ್ಬಿಯೊಂದರಲ್ಲಿಟ್ಟು ತೊಟ್ಟಿಯೊಳಗೇ ತೂಗುಹಾಕಿದರು. ಹಳಬರು ನೋಡಲಿ, ಕಣ್ಣಿಗೆ ಅಭ್ಯಾಸವಾಗಲಿ ಎಂದು. ವಾಚ್‌ಮನ್ ತಲೆಯೆತ್ತಿ ನೋಡಿದ, ಏನೂ ಮಾಡಲಿಲ್ಲ. ಮಾರನೆಯ ಬೆಳಗ್ಗೆ ಬಿಟ್ಟಾಗ ಹಳದಿಯವಳು ಬಂಡೆಯಿಂದ ಬಂಡೆಗೆ ಹೋಗಿ, ಸಾಲು ಹಿಡಿದು ಕಸ ಗುಡಿಸುವವಳಂತೆ ಹುಳು ಹೆಕ್ಕತೊಡಗಿದಳು. ಬಿಲದ ಮುಂದೆ ಹಾದರೂ ವಾಚ್‌ಮನ್ ಕದಲಲಿಲ್ಲ, ಮೇಸ್ತ್ರಿಯ ಕೆಲಸ ನಿಲ್ಲಲಿಲ್ಲ. ವಾರ್ಡನಮ್ಮ ಕುರ್ಚಿ ಬಿಟ್ಟೇಳದೆ ನೋಡಿದರು. ಆಗಾಗ ತಮ್ಮನ ಕಡೆಯೂ ನೋಡಿದರು. ಅವನು ಪೇಪರ್ ಮುಖಕ್ಕೆ ಹಿಡಿದುಕೊಂಡ.

ರಗಳೆ ಶುರುವಾದದ್ದು ಸಂಜೆ, ತೊಟ್ಟಿಯ ದೀಪ ಮಂದವಾಗುವ ಹೊತ್ತಿಗೆ. ಹಳದಿಯವಳು ಹುಳುವಿನ ಕೆಲಸ ಬಿಟ್ಟು ಮರಳನ್ನು ಮೂಸಿ ನೋಡುತ್ತ ಬಂದಳು. ಮೇಸ್ತ್ರಿ ಹೊರಹಾಕಿದ ಮರಳು ಬಿಲದ ಮುಂದೆ ದಿಬ್ಬವಾಗಿತ್ತು. ಅಲ್ಲಿ ತಲೆಕೆಳಗಾಗಿ ಧುಮುಕಿ ಮರಳೊಳಗೆ ಮಾಯವಾದಳು. ಹಗಲೆಲ್ಲ ಸುಮ್ಮನಿದ್ದ ವಾಚ್‌ಮನ್ ಬಾಯನ್ನು ತಲೆಗಿಂತ ಅಗಲ ತೆರೆದು ನುಗ್ಗಿ, ಬಾಲ ಕಚ್ಚಿ ಎಬ್ಬಿಸಿದ. ಅವಳು ಬೇರೆಡೆ ಧುಮುಕಿದಳು. ಅಲ್ಲಿ ಮರಳು ತೆಳು, ಬೆನ್ನು ಹೊರಗೇ ಉಳಿಯಿತು. ತಿರುಗಿ ದಿಬ್ಬಕ್ಕೇ ಬಂದಳು. ತಿರುಗಿ ಅವನು ಎಬ್ಬಿಸಿದ. ಅವನು ಅಟ್ಟಿಸಿಕೊಂಡು ದೂರ ಹೋದಾಗ ಮೇಸ್ತ್ರಿ ಬಾಗಿಲಲ್ಲಿ ಮೀಸೆಯಾಡಿಸಿ ಬಾಲ ಹುಡುಕಿದ. ಸಿಗಲಿಲ್ಲ. ಒಳಗೆ ಸರಿದುಕೊಂಡ.

ಮರುದಿನ ಬೆಳಗ್ಗೆ ಮೇಸ್ತ್ರಿ ಹೊರಗೆ ಬರಲಿಲ್ಲ. ಊಟ ಹಾಕಿದರೂ ಬರಲಿಲ್ಲ.

ವಾರ್ಡನಮ್ಮ ಅಂಗಡಿಗೆ ಫೋನ್ ಮಾಡಿದರು.

"ಅದು ಮರಳೊಳಗೇ ಮಲಗೋ ಮೀನು ಅಮ್ಮ," ಎಂದ ಅಂಗಡಿಯವನು. "ನೀವು ಕೇಳಲೇ ಇಲ್ವಲ್ಲ, ಕನ್ನಡಿ ಹಿಡಿದ್ರಿ."

ಅವರು ಫೋನ್ ಇಟ್ಟರು. ಸ್ವಭಾವ ನೋಡಿದ್ದರು, ನಡತೆ ನೋಡಿದ್ದರು. ಎಲ್ಲಿ ಮಲಗುತ್ತೀಯಮ್ಮ ಎಂದು ಮಾತ್ರ ಕೇಳಿರಲಿಲ್ಲ. ಹೊಸ ಹುಡುಗಿ ಬಂದರೆ ಹೆಸರು ಕೇಳುವ ಮೊದಲೇ ಮಂಚ ತೋರಿಸುತ್ತಿದ್ದವರು!

ತಮ್ಮ ಆಗಲೇ ಬಕೆಟ್ ತಂದಿಟ್ಟಿದ್ದ. "ವಾಪಸ್ ಕೊಟ್ಟುಬಿಡೋಣ ಅಕ್ಕ. ಒಂದು ಹವಳಕ್ಕೋಸ್ಕರ ಇಬ್ಬರ ಹೊಟ್ಟೆ ಮೇಲೆ ಹೊಡೆಯೋದು ಬೇಡ."

"ಮಂಚ ಇಲ್ಲ ಅಂತ ಒಂದು ಹುಡುಗೀನೂ ನಾನು ಹಿಂದಕ್ಕೆ ಕಳಿಸಿದೋಳಲ್ಲ. ಎರಡು ದಿನ ತಡಿ. ಆಗಲೂ ಮೇಸ್ತ್ರಿ ಬರಲಿಲ್ಲ ಅಂದ್ರೆ ನಾನೇ ಹಿಡಿದು ಕೊಡ್ತೀನಿ."

ಅಡುಗೆಮನೆಯ ಅಗಲವಾದ ಗಾಜಿನ ಬಟ್ಟಲೊಂದು ಹಾಸಿಗೆಯಾಯಿತು. ನಯವಾದ ಮರಳು ತರಿಸಿ, ತೊಳೆದು, ಅದರಲ್ಲಿ ಬೆರಳುದ್ದ ತುಂಬಿ ತೊಟ್ಟಿಯ ನಟ್ಟನಡುವೆ ಇಳಿಸಿದರು. ಸಂಜೆ ಹಳದಿಯವಳು ಬಂದು, ಬಟ್ಟಲನ್ನು ಒಂದು ಸುತ್ತು ಹಾಕಿ, ನೆಟ್ಟಗೆ ವಾಚ್‌ಮನ್‌ನ ಅಂಗಳಕ್ಕೇ ಹೋದಳು. ಅವನ ಬಾಯಿ ಮತ್ತೆ ತೆರೆಯಿತು.

"ಡ್ರೈವರ್ ಪಕ್ಕದ ಸೀಟಲ್ಲಿ ಯಾರಾದ್ರೂ ನಿದ್ದೆ ಮಾಡ್ತಾರಾ ಅಕ್ಕ?" ಎಂದ ತಮ್ಮ. "ನಿದ್ದೆ ಮಾಡೋರೆಲ್ಲ ಹಿಂದಿನ ಮೂಲೆ ಹಿಡೀತಾರೆ. ನೀನು ಹಾಸಿಗೆ ಹಾಸಿರೋದು ನಿನಗೆ ಕಾಣೋ ಕಡೆ."

ಮಾತು ನಿಜವಾಗಿತ್ತು. ಬಟ್ಟಲು ಸರಿಯಾಗಿ ಅವರ ಕುರ್ಚಿಯ ನೇರಕ್ಕಿತ್ತು. ಯಾರನ್ನೂ ಕಣ್ಣಳತೆಯಿಂದ ಆಚೆ ಬಿಡುವುದಕ್ಕೆ ಅವರಿಗೆ ಈಚೆಗೆ ಭಯವಾಗುತ್ತಿತ್ತು.

ಮರುದಿನ ತಮ್ಮನೇ ಅಂಗಿ ಬಿಚ್ಚಿ, ಭುಜದವರೆಗೆ ಕೈಯಿಳಿಸಿ ಬಟ್ಟಲನ್ನು ಎಡಗಡೆಯ ದೊಡ್ಡ ಬಂಡೆಯ ಹಿಂದೆ, ಕತ್ತಲ ಮೂಲೆಗೆ ಸರಿಸಿದ. ವಾಚ್‌ಮನ್ ಅಲ್ಲಿಯವರೆಗೆ ಬಂದು ಅವನ ಮೊಣಕೈಯ ಎದುರು ಬಾಯಿ ತೆರೆದು ನಿಂತ.

"ಟಿಕೆಟ್ ಕೇಳ್ತಿದ್ದಾನೆ," ಎಂದ ತಮ್ಮ.

ಆ ಸಂಜೆ ಹಳದಿಯವಳು ಬಂಡೆಯ ಹಿಂದೆ ಹೋದಳು. ಅಕ್ಕ ತಮ್ಮ ಇಬ್ಬರೂ ಗೋಡೆಗೆ ಕೆನ್ನೆಯೊತ್ತಿ, ಸಂದಿಯಿಂದ ಇಣುಕಿದರು. ಬಟ್ಟಲಿನ ಮರಳು ಸ್ವಲ್ಪ ಉಬ್ಬಿತು, ನೆಲಸಮವಾಯಿತು. ವಾಚ್‌ಮನ್ ಎಂದಿನಂತೆ ಬಾಯಿ ತೆರೆದುಕೊಂಡೇ ದಿಬ್ಬದ ಅಂಚಿಗೆ ಬಂದ. ಯಾರೂ ಬರಲಿಲ್ಲ. ಹಾಗೇ ಒಂದಷ್ಟು ಹೊತ್ತು ನಿಂತು, ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹೆಜ್ಜೆಯಿಡುವವರಂತೆ ಬಾಗಿಲಿಗೆ ಸರಿದ. ಬಿಲದೊಳಗಿಂದ ಮೀಸೆಯೊಂದು ಮೆಲ್ಲಗೆ ಹೊರಬಂದು, ಆ ಕಡೆ ಈ ಕಡೆ ತಡಕಾಡಿ, ಬಾಲವನ್ನು ಮುಟ್ಟಿತು. ಅದರ ಹಿಂದೆಯೇ ಒಂದು ಹೊರೆ ಮರಳು ಹೊರಬಿತ್ತು. ವಾರ್ಡನಮ್ಮ ಎದೆಯ ಮೇಲೆ ಕೈಯಿಟ್ಟು ದೇವರ ಹೆಸರು ಹೇಳಿದರು.

ಹವಳ ಮಾತ್ರ ಅಷ್ಟು ಬೇಗ ನಂಬಲಿಲ್ಲ. ಹುಳು ದಿನದಿನಕ್ಕೆ ಕಡಿಮೆಯಾಗಿ, ಕೊನೆಗೆ ಹುಡುಕಿದರೂ ಸಿಗದಂತಾದರೂ ಅದು ಮುಷ್ಟಿ ಬಿಡಲಿಲ್ಲ. ಹೊತ್ತು ಮೀರಿತೇನೋ ಎಂದು ತಮ್ಮ ಅಂದುಕೊಂಡ. ವಾರ್ಡನಮ್ಮ ಬೆಳಗ್ಗೆ ಪ್ರಾರ್ಥನೆ ಮುಗಿಸಿ ದೀಪ ಹಾಕುವರು, ನೋಡುವರು, ಎದ್ದುಹೋಗುವರು.

ಒಂದು ಬೆಳಗ್ಗೆ ದೀಪ ಹಾಕಿ ನೋಡುತ್ತಿರುವಾಗ ಮುಷ್ಟಿಯ ಅಂಚಿನಲ್ಲಿ ಹಸಿರು ಬೆರಳೊಂದು ಅಕ್ಕಿಕಾಳಿನಷ್ಟು ಹೊರಬಂದು, ಹೆದರಿ ಒಳಗೆ ಹೋಗಿ, ಮತ್ತೆ ಬಂತು.

"ರೀ, ಬನ್ರೀ ಇಲ್ಲಿ, ನೋಡಿ," ಎಂದು ವಾರ್ಡನಮ್ಮ ಒಳಗಿನ ಕೋಣೆಯ ಕಡೆಗೆ ಕೂಗಿದರು.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ತಮ್ಮ ಬಾಗಿಲಿಗೆ ಬಂದ, ಮೊಣಕೈವರೆಗೂ ಸೋಪಿನ ನೊರೆ.

"ಕರೆದೆಯಾ ಅಕ್ಕ?"

ಹುಟ್ಟಿದಾಗಿನಿಂದ ಅವನನ್ನು ಅವರು ಬನ್ನಿ ಎಂದು ಕರೆದದ್ದಿಲ್ಲ. ಇಬ್ಬರಿಗೂ ಅದು ಗೊತ್ತು.

"ಹೂಂ. ಬಾ, ಕೂತ್ಕೋ."

ಅವನು ಕುರ್ಚಿಯ ಪಕ್ಕ ನೆಲದ ಮೇಲೆ, ಒದ್ದೆ ಕೈಗಳನ್ನು ಮೇಲೆತ್ತಿ ಹಿಡಿದೇ ಕುಳಿತ. ಎರಡನೆಯ ಬೆರಳು ಬಂತು. ಅದರ ಪಕ್ಕದಲ್ಲಿ ಇನ್ನೊಂದು. ಕಂಡಕ್ಟರನ ಅಭ್ಯಾಸ, ಅವನು ತುಟಿಯೊಳಗೇ ತಲೆ ಎಣಿಸತೊಡಗಿದ. ವಾರ್ಡನಮ್ಮ ಸುಮ್ಮನಿರು ಎನ್ನಲಿಲ್ಲ. ಅವನು ಒಂದನ್ನು ಬಿಟ್ಟಾಗ ತಾವೇ ತೋರಿಸಿಕೊಟ್ಟರು.