ಕಾವಲಿನ ಕಣಗಳು

"ನೋಡ್ರಿ ಅವ್ವಾ, ಇದು ಪುಪ್ಪುಸದಾಗಿನ ಗಡ್ಡಿ." ಡಾಕ್ಟರ್ ತಹಮೀನಾ ಚೀಟಿಯ ಹಿಂಬದಿಯಲ್ಲಿ ಒಂದು ಸುತ್ತು ಬರೆದು ಒಳಗೆ ಚುಕ್ಕಿಗಳನ್ನಿಟ್ಟರು. "ಇವು ನಿಮ್ಮ ಮೈಯಾಗಿನ ಕಾವಲಿನ ಕಣ. ಕ್ಯಾನ್ಸರ್ ಕೊಲ್ಲಬೇಕಾದವು. ಆದ್ರ ಗಡ್ಡಿ ಇವಕ್ಕ ಒಲಿಸ್ಕೊಂಡದ. ಕೆಲವು ಸುಮ್ನ ಕುಂತಾವ, ಕೆಲವು ಅದಕ್ಕೇ ಸಾಕ್ಲತಾವ. ನಾಕ ತಿಂಗಳಿಂದ ಕೊಡೋ ಸೂಜಿ, ಸುಮ್ನ ಕುಂತವಕ್ಕ ಎಬ್ಬಸ್ಲಿಕ್ಕ."

ಭೀಮಬಾಯಿ ನಕ್ಕಳು. "ಕಾಯೋರೇ ಸಾಕ್ತಾರಂದ್ರ ನಮ್ಮೂರ ಚೇರಮನ್ ಇದ್ದಂಗ ಆಯ್ತಲ್ರಿ." ಆಮೇಲೆ ನಗು ನಿಂತಿತು. "ಕ್ಯಾನ್ಸರ್ ಯಾರಿಗ್ರಿ ಡಾಕ್ಟರ್ ಬಾಯಾರ?"

ತಹಮೀನಾ ಈ ವಾರವಷ್ಟೇ ಬೀದರಿನ ಈ ಆಸ್ಪತ್ರೆಗೆ ಬಂದವರು. ಭೀಮಬಾಯಿಯ ಹಿಂದೆ ನಿಂತಿದ್ದ ಗಂಡನ ಕಡೆ ನೋಡಿದರು. ಜ್ಞಾನೇಶ್ವರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಕಫ ಕಟ್ಟ್ಯಾದ ಅಂದಿದ್ರಿ," ಎಂದಳು ಭೀಮಬಾಯಿ ಗಂಡನಿಗೆ, ತಿರುಗದೆಯೇ. "ರಕ್ತದ ಸೂಜಿ ಅಂದಿದ್ರಿ."

"ನೀ ಹೆದರ್ತಿ ಅಂತ..."

ತಮ್ಮೂರು ಹಲಬರ್ಗಾದಲ್ಲಿ ಕುರಿ ಈಯಲು ತ್ರಾಸಾದರೆ ಭೀಮಬಾಯಿಯನ್ನೇ ಕರೆಯುತ್ತಿದ್ದರು. ಎಣ್ಣೆ ಸವರಿದ ಕೈಯಿಂದ ಮರಿಯ ಮುಂಗಾಲು ಹುಡುಕಿ, ಕುರಿ ತಿಣುಕಿದಾಗಷ್ಟೇ ಎಳೆಯುವುದನ್ನು ಅವಳು ತಾಯಿಯಿಂದ ಕಲಿತಿದ್ದಳು. ನಾಲ್ಕು ತಿಂಗಳಿಂದ ಯಾರೂ ಕರೆದಿರಲಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಓಂಪ್ರಕಾಶ ಅಷ್ಟು ದೂರದ ಠಾಣಾ ಕುಶನೂರಿನಿಂದ ಯಾರನ್ನೋ ಕರೆಸಿದ. ಅವರು ಬರುವಷ್ಟರಲ್ಲಿ ಕುರಿ ಹೊಟ್ಟೆಯ ಮರಿಯೊಂದಿಗೇ ಸತ್ತಿತ್ತು. ಗೋಡೆಯ ಈಚೆ ಜೋಳ ಹಸನು ಮಾಡುತ್ತ ಅವಳು ಅದರ ಕೂಗು ಕೇಳಿದ್ದಳು. ತನ್ನ ಕೈಗುಣ ಹೋಯಿತೆಂದೇ ಯಾರೂ ಕರೆಯುತ್ತಿಲ್ಲ ಎಂದುಕೊಂಡು ಅಂದಿನಿಂದ ತನ್ನ ಕುರಿಗಳನ್ನೂ ಮುಟ್ಟಿರಲಿಲ್ಲ.

"ಓಂಪ್ರಕಾಶಗ ಗೊತ್ತದ?"

ಜ್ಞಾನೇಶ್ವರ ಆಸ್ಪತ್ರೆಯ ಫೈಲನ್ನು ಕಂಕುಳಿಗೆ ಒತ್ತಿಕೊಂಡ.

"ಊರಿಗೆಲ್ಲ ಹೇಳೀರಿ. ನನಗೊಬ್ಬಕೀಗಿ ಬಿಟ್ಟು."

"ದವಾಖಾನಿಗಿ ಬರೋದು ನೋಡಿ ಮಂದಿ ಕೇಳ್ಲತಿದ್ರು; ನಿನ್ನ ಮುಂದ ಬಾಯಿ ಬಿಡಬ್ಯಾಡ್ರಿ ಅಂತ ಹೇಳ್ಲಿಕ್ಕೇ ಹೇಳ್ದೆ ಭೀಮಾ. ನೀ ಕೈ ಹಚ್ಚಿದ್ರ ಮರಿಗೂ ರೋಗ ಹತ್ತತದ ಅಂತ ಅವರೇ ತಿಳ್ಕೊಂಡ್ರು."

"ಮುಟ್ಟಿದ್ರ ಹತ್ತೋ ರೋಗ ಅಲ್ರಿ ಇದು," ಎಂದರು ತಹಮೀನಾ. "ಕುರಿಗೂ ಹತ್ತಂಗಿಲ್ಲ, ಮಂದಿಗೂ ಹತ್ತಂಗಿಲ್ಲ."

ಭೀಮಬಾಯಿ ಈಗ ತಿರುಗಿದಳು. "ಹತ್ತಂಗಿಲ್ಲಂತ ನಿಮಗ ಗೊತ್ತಿತ್ತು?"

"ಮೊದಲಿನ ಡಾಕ್ಟರ್ ಹೇಳಿದ್ರು."

"ಮತ್ತ ಊರಾಗಿನವರಿಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಹೊತ್ತಿಲ್ದ ಹೊತ್ತನ್ಯಾಗ ಕರೀಲಿಕ್ಕ ಬರ್ತಿದ್ರು. ನಿನಗ ಆರಾಮ ಬೇಕಿತ್ತು."

ಅವಳು ಗಂಡನಿಗೆ ಬೆನ್ನು ತಿರುಗಿಸಿದಳು. ಆಮೇಲೆ ಡಾಕ್ಟರನ್ನು ಕೇಳಿದಳು, "ಸೂಜಿ ಗುಣ ಕೊಡ್ಲತದೇನ್ರಿ?"

"ಗಡ್ಡಿ ಸ್ವಲ್ಪ ಸಣ್ಣ ಆಗ್ಯಾದ. ನಡುವ ಬಿಡಬ್ಯಾಡ್ರಿ."

"ಬಿಡಂಗಿಲ್ರಿ. ಇನ್ನ ಮ್ಯಾಲ ಏನಿದ್ರೂ ನನಗೇ ಹೇಳ್ರಿ." ಜ್ಞಾನೇಶ್ವರನ ಕಂಕುಳಿನಿಂದ ಫೈಲು ಎಳೆದುಕೊಂಡಳು.

ಭಾಲ್ಕಿ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಬಂದ.

"ಎರಡೇನ್ರಿ ಅಕ್ಕಾ?"

"ನಂದಷ್ಟ ಕೊಡ್ರಿ. ಹಲಬರ್ಗಾ." ಸೆರಗಿನ ಗಂಟಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದಳು.

ಬಸ್ಸು ಹೊರಟಿತು. ಪಕ್ಕದ ಸೀಟಿನ ಮೇಲೆ ಫೈಲು ಇತ್ತು. ಜ್ಞಾನೇಶ್ವರ ಮೇಲಿನ ಕಂಬಿ ಹಿಡಿದು ನಿಂತೇ ಇದ್ದ.