ಚೌರಿಯಕ್ಕನ ಮುಂದಿನ ಟಿಕೆಟ್

ಬಸ್ ನಿಲ್ದಾಣದ ಕಂಟ್ರೋಲರ್ ಕೆಲಸದಿಂದ ನಿವೃತ್ತರಾದರೂ ಅವರಿಂದ ಕಂಟ್ರೋಲು ಮಾತ್ರ ನಿವೃತ್ತಿಯಾಗಿರಲಿಲ್ಲ. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಗೆ ಹೊರಡಬೇಕೆಂದು ಜೀವಮಾನವೆಲ್ಲ ಕೂಗಿ ಹೇಳಿದ ಬಾಯಿ ಈಗ ಹಾಲು ಯಾವಾಗ ಕಾಯಿಸಬೇಕು, ಬಟ್ಟೆ ಯಾವಾಗ ಒಣಹಾಕಬೇಕು ಎಂದು ಹೆಂಡತಿಗೆ ಹೇಳುತ್ತಿತ್ತು. ಆಕೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಅಷ್ಟರಲ್ಲಿ ಕಂಟ್ರೋಲರ ತಂಗಿಗೆ ಹೊರದೇಶದಿಂದ ಕರೆ ಬಂತು, ಅವರಿಗೆ ಕೈತುಂಬ ಕೆಲಸ ಸಿಕ್ಕಿತು.

ಅಣ್ಣ ಅತ್ತಿಗೆಯ ಜೊತೆಗೇ ಇದ್ದ ಈ ತಂಗಿಯನ್ನು ಬೀದಿಯವರೆಲ್ಲ ಚೌರಿಯಕ್ಕ ಎನ್ನುತ್ತಿದ್ದರು. ನಾಟಕದವರ ತಲೆಗೆ ಚೌರಿ ಕಟ್ಟುವುದು ಅವಳ ಕಸುಬು. ಕಿಟಕಿಯ ಪಕ್ಕ ಮರದ ತಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಸಣ್ಣ ಕೊಕ್ಕೆಯಿಂದ ಒಂದೊಂದೇ ಎಳೆ ಕೂದಲನ್ನು ಜಾಲರಿಗೆ ಗಂಟುಹಾಕುತ್ತ ಕುಳಿತಳೆಂದರೆ ಮನೆಯಲ್ಲಿ ಅವಳಿದ್ದಾಳೆಂಬುದೇ ಮರೆತುಹೋಗುತ್ತಿತ್ತು. ರಾಜನಿಗೆ ಚಪ್ಪಾಳೆ ಬೀಳುವಾಗ ರಾಜನ ಕೂದಲು ಕಟ್ಟಿದವಳು ಪರದೆಯ ಹಿಂದೆ ಪಿನ್ನು ಹೆಕ್ಕುತ್ತಿದ್ದಳು. ಅವಳು ಕಟ್ಟಿದ ಚೌರಿಗಳ ಪಟಗಳು ಹೇಗೋ ಸುತ್ತಿ ಸುತ್ತಿ ದೂರದೇಶದ ದೊಡ್ಡ ನಾಟಕಶಾಲೆಯೊಂದನ್ನು ತಲುಪಿ, ಅವರು ಒಂದು ವರ್ಷ ಬಂದಿದ್ದು ನಮ್ಮ ಹುಡುಗಿಯರಿಗೆ ಕಲಿಸಿಕೊಡಿ ಎಂದು ಬರೆದರು.

ಕಂಟ್ರೋಲರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿಗೆಲ್ಲ ಡಂಗುರ ಹೊಡೆದು ಬಂದರು. ಕ್ಷೌರದ ಅಂಗಡಿಯಲ್ಲಿ ಅರ್ಧ ಕ್ಷೌರವಾಗಿದ್ದಾಗಲೇ ಎದ್ದು ನಿಂತು, ದಾರಿಯಲ್ಲಿ ಹೋಗುತ್ತಿದ್ದ ಹಳೆಯ ಡ್ರೈವರೊಬ್ಬನನ್ನು ಕರೆದು ಹೇಳಿದರಂತೆ. "ಬೇರೆ ದೇಶದೋರು ಕರೆದಿದ್ದು ಅವಳನ್ನ, ನಿಮ್ಮನ್ನಲ್ಲ," ಎಂದು ಹೆಂಡತಿ ನೆನಪಿಸಿದರು.

"ಕರೆದಿದ್ದು ಅವಳನ್ನೇ. ಕಳಿಸೋನು ನಾನು ತಾನೆ?" ಎಂದರು ಕಂಟ್ರೋಲರ್.

ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲದಂತಾಯಿತು. ಭೂಪಟ, ಸ್ಕೇಲು, ಎರಡು ಬಣ್ಣದ ಪೆನ್ನು. ವಿಷಯ ನಿಜಕ್ಕೂ ಸ್ವಲ್ಪ ತೊಡಕಿನದೇ ಆಗಿತ್ತು. ಆ ದೇಶದವರು ಕೊಟ್ಟ ವೀಸಾ ಒಂದು ವರ್ಷದ್ದು, ಆದರೆ ಒಂದೇ ಸಲಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ಹಾಗೆ ಹೊರಗೆ ಹೋಗುತ್ತೇನೆಂದು ತೋರಿಸಲು ಮುಂದಿನ ಟಿಕೆಟ್ ಬೇಕು. ಕಂಟ್ರೋಲರ್ ಪಕ್ಕದ ದೇಶಕ್ಕೂ ಒಂದು ವೀಸಾ ಮಾಡಿಸಿ, ಗಡಿಯ ಆಚೆಗಿರುವ ಮೊದಲ ಊರಿಗೇ ಬಸ್ಸಿನ ಟಿಕೆಟ್ ತೆಗೆಸಿದರು. ಬೆಳಿಗ್ಗೆ ಹೋಗುವುದು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳುವುದು, ಸಂಜೆಯ ಬಸ್ಸಿಗೆ ವಾಪಸ್ಸು. ಮೂರು ತಿಂಗಳಿಗೊಮ್ಮೆ ಇದೇ ಟ್ರಿಪ್ಪು.

"ಆ ಊರಲ್ಲಿ ಏನಿದೆ ಅಣ್ಣ?" ಎಂದು ತಂಗಿ ಕೇಳಿದಳು.

"ಬಸ್‌ಸ್ಟ್ಯಾಂಡ್ ಇದೆ. ಅಚ್ಚುಕಟ್ಟಾಗಿದೆಯಂತೆ."

ತಂಗಿ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಟ್ರೋಲರ್ ಭೂಪಟ ಮಡಿಚಿಯಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯನ ಎದುರು ನಾಲ್ಕನೆಯ ಕಾಲನ್ನು ತೋರಿಸುವ ಗೋಜಿಗೆ ಅವಳು ಯಾವತ್ತೂ ಹೋದವಳಲ್ಲ. ಮರದ ತಲೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸತೊಡಗಿದಳು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಮೂವರೂ ಬೇಕಾದ್ದಕ್ಕಿಂತ ಬಹಳ ಮೊದಲೇ ಬಂದರು. ಗಾಜಿನ ಬಾಗಿಲಿನಿಂದ ಒಳಗೆ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಕಂಟ್ರೋಲರ್ ತಂಗಿಯ ಕೈಗೆ ಪಾಸ್‌ಪೋರ್ಟು ಮತ್ತು ಒಂದು ತೆಳು ಲಕೋಟೆ ಕೊಟ್ಟು, "ಹೆದರ್ಬೇಡ ಪುಟ್ಟಿ. ಯಾರಾದ್ರೂ ಏನಾದ್ರೂ ಕೇಳಿದ್ರೆ ಅಣ್ಣಂಗೆ ಫೋನ್ ಮಾಡು," ಎಂದರು. ಪುಟ್ಟಿಯ ತಲೆಯಲ್ಲಿ ಕರಿಕೂದಲಿಗಿಂತ ಬಿಳಿಯದೇ ಹೆಚ್ಚಾಗಿತ್ತು. ಅವಳು ಅತ್ತಿಗೆಯನ್ನು ತಬ್ಬಿಕೊಂಡು, ಅಣ್ಣನ ಅಂಗಿಯ ಕಾಲರು ಸರಿಮಾಡಿ ಒಳಗೆ ನಡೆದಳು. ಅವಳ ಬೆನ್ನನ್ನು ಕಂಟ್ರೋಲರ್ ಹೆಮ್ಮೆಯಿಂದ ನೋಡುತ್ತ ನಿಂತರು. ಪಕ್ಕದಲ್ಲಿ ನಿಂತಿದ್ದ ಅಪರಿಚಿತನಿಗೂ ಅವರು ಹೇಳಿದರು: "ನನ್ನ ತಂಗಿ. ಒಂದು ವರ್ಷ. ಪ್ಲಾನೆಲ್ಲ ನಂದೇ."

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

"ಅಣ್ಣ, ಮೂರು ತಿಂಗಳೊಳಗೆ ಆ ದೇಶ ಬಿಟ್ಟು ಹೋಗೋ ಟಿಕೆಟ್ ತೋರ್ಸಿ ಅಂತಿದಾರೆ. ಲಕೋಟೆಲಿ ಇಲ್ವಲ್ಲ?"

ಟಿಕೆಟ್ಟು ಮನೆಯಲ್ಲಿತ್ತು. ಮರೆತು ಬಿಟ್ಟು ಬಂದದ್ದಲ್ಲ, ಬೇಕೆಂದೇ ಇಟ್ಟು ಬಂದದ್ದು. ಅವರ ನಿಲ್ದಾಣದಲ್ಲಿ ಡ್ರೈವರಿಗೆ ಒಂದು ಸಲಕ್ಕೆ ಒಂದೇ ಟ್ರಿಪ್ಪಿನ ಚೀಟಿ ಕೊಡುವುದು ರೂಢಿ. ಇಡೀ ದಿನದ್ದು ಒಟ್ಟಿಗೆ ಕೊಟ್ಟರೆ ಬೇಗ ಮುಗಿಸುವ ಆತುರಕ್ಕೆ ಬೀಳುತ್ತಾರೆ, ಒಂದು ಮುಗಿಸಿ ಬಂದ ಮೇಲೆ ಇನ್ನೊಂದು ಕೊಟ್ಟರೆ ತಲೆ ನೆಟ್ಟಗಿರುತ್ತದೆ ಎಂಬುದು ಕಂಟ್ರೋಲರ ಸಿದ್ಧಾಂತ. ತಂಗಿಗೂ ಅದನ್ನೇ ಮಾಡಿದ್ದರು. ಮೊದಲ ವಿಮಾನದ ಕಾಗದ ಮಾತ್ರ ಅವಳಿಗೆ. ಉಳಿದದ್ದು ಮನೆಯ ಬೀರುವಿನಲ್ಲಿ. ಸಮಯ ಬಂದಾಗ ಒಂದೊಂದಾಗಿ ಕಳಿಸಿದರಾಯಿತು. ಮುಂದಿನ ಟಿಕೆಟ್ಟನ್ನು ಆ ದೇಶದಲ್ಲಿ ಇಳಿದ ಮೇಲೆ ಕೇಳಬಹುದು, ಆಗ ಮನೆಯಿಂದ ಫೋನಿಗೆ ಕಳಿಸಿದರಾಯಿತು ಎಂದುಕೊಂಡಿದ್ದರೇ ಹೊರತು ಇಲ್ಲೇ, ಹತ್ತುವ ಮೊದಲೇ ಕೇಳುತ್ತಾರೆಂದು ಹೊಳೆದಿರಲಿಲ್ಲ. ಬಸ್ಸು ಹತ್ತುವವನನ್ನು ಯಾರು ಹಾಗೆ ಕೇಳುತ್ತಾರೆ?

"ಟಿಕೆಟ್ ಇದೆಯಮ್ಮ, ಮನೇಲಿದೆ ಅಂತ ಹೇಳು," ಎಂದರು.

"ಮನೇಲಿದ್ರೆ ಆಗಲ್ಲವಂತೆ."

ಮನೆಗೆ ಬೀಗ ಹಾಕಿತ್ತು, ಕೀಲಿ ಹೆಂಡತಿಯ ಸೊಂಟದಲ್ಲಿತ್ತು. ಹೋಗಿ ಬರುವಷ್ಟರಲ್ಲಿ ವಿಮಾನ ಮೋಡದ ಮೇಲಿರುತ್ತದೆ. ಟಿಕೆಟ್ ತೆಗೆಸಿಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ ಗಂಟೆ ಬಾರಿಸಿತೇ ವಿನಾ ಯಾರೂ ಎತ್ತಲಿಲ್ಲ. ಈ ವಿಮಾನ ತಪ್ಪಿದರೆ ತಂಗಿಯ ವರ್ಷವೇ ತಪ್ಪುತ್ತಿತ್ತು. ನಾಳಿದ್ದು ಅಲ್ಲಿ ಪಾಠ ಶುರು, ಬಾರದಿದ್ದರೆ ಬೇರೆಯವರನ್ನು ಕರೆಯುತ್ತೇವೆಂದು ಅವರು ಮೊದಲೇ ತಿಳಿಸಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದ್ದು ಬೇರೆ ಯಾರೂ ಅಲ್ಲ, ಪ್ಲಾನೆಲ್ಲ ನಂದೇ ಎಂದ ಅಣ್ಣ.

ಕಂಟ್ರೋಲರ್ ಬಾಗಿಲ ಕಾವಲಿನವನ ಬಳಿ ಓಡಿದರು. "ಒಂದ್ನಿಮಿಷ ಒಳಗೆ ಬಿಡಪ್ಪ. ಅವಳಿಗೆ ಮಾತಾಡೋಕೆ ಬರಲ್ಲ. ನಾನು ಹೇಳಿದ್ರೆ ಒಪ್ಕೋತಾರೆ."

"ಟಿಕೆಟ್ ಇದೆಯಾ ನಿಮ್ಹತ್ರ?" ಎಂದ ಕಾವಲಿನವನು. ಟಿಕೆಟ್ಟಿಲ್ಲದವರನ್ನು ಜೀವಮಾನವೆಲ್ಲ ಬಸ್ಸಿನಿಂದ ಇಳಿಸಿದ್ದ ಕಂಟ್ರೋಲರ್ ತಾವೇ ಎರಡು ಹೆಜ್ಜೆ ಹಿಂದೆ ಸರಿದರು.

"ಬಂದು ಕೂತ್ಕೊಳ್ಳಿ," ಎಂದರು ಹೆಂಡತಿ. "ಅವಳಿಗೆ ಮಾತು ಬರಲ್ಲ ಅಂತ ಯಾರು ಹೇಳಿದ್ದು? ನೀವಿರೋ ಮನೇಲಿ ಮಾತಾಡೋಕೆ ಸರದಿ ಸಿಗಬೇಕಲ್ಲ."

ಅವರು ಕೂರಲಿಲ್ಲ. ಗಾಜಿಗೆ ಮೂಗು ಒತ್ತಿ ನಿಂತರು. ದೂರದಲ್ಲಿ ಕೌಂಟರು ಕಾಣುತ್ತಿತ್ತು. ತಂಗಿ ಸರದಿಯಿಂದ ಪಕ್ಕಕ್ಕೆ ಸರಿದು, ಪೆಟ್ಟಿಗೆಯ ಮೇಲೆ ಕುಳಿತು, ಫೋನಿನ ಮೇಲೆ ತಲೆ ಬಗ್ಗಿಸಿದ್ದಳು. ಅಳುತ್ತಿದ್ದಾಳೆ ಎಂದುಕೊಂಡರು. ಸಣ್ಣವಳಿದ್ದಾಗ ಜಾತ್ರೆಯ ಜನರ ನಡುವೆ ಕಳೆದುಹೋಗಿ, ಸಿಕ್ಕಾಗ ಹೀಗೇ ಮುದುಡಿ ಕುಳಿತಿದ್ದಳು. ಇನ್ನು ಈ ಜನ್ಮದಲ್ಲಿ ಅವಳಿಗೆ ಮುಖ ತೋರಿಸುವುದು ಹೇಗೆ?

ಆಗ ತಂಗಿ ಎದ್ದಳು. ನೆಟ್ಟಗೆ ಕೌಂಟರಿಗೆ ಹೋಗಿ, ಫೋನನ್ನು ಅಲ್ಲಿದ್ದ ಹುಡುಗಿಯ ಮುಂದೆ ಹಿಡಿದಳು. ಹುಡುಗಿ ಏನೋ ಕೇಳಿದಳು. ತಂಗಿ ಪಾಸ್‌ಪೋರ್ಟಿನ ಹಾಳೆ ತಿರುವಿ ತೋರಿಸಿದಳು, ಕೈ ಆಡಿಸುತ್ತ ವಿವರಿಸಿದಳು. ಇನ್ನೊಬ್ಬ ಅಧಿಕಾರಿ ಬಂದ, ಅವನಿಗೂ ಹೇಳಿದಳು. ನಡುವೆ ಒಮ್ಮೆ ತನ್ನ ತಲೆಯನ್ನೂ ಅವನ ಬೋಳುತಲೆಯನ್ನೂ ತೋರಿಸಿ ಏನೋ ಅಂದಳು; ಮೂವರೂ ನಕ್ಕರು. ಇಷ್ಟು ಮಾತು ಅವಳಲ್ಲಿ ಎಲ್ಲಿತ್ತು ಎಂದು ಕಂಟ್ರೋಲರ್ ಬಾಯಿ ತೆರೆದುಕೊಂಡು ನೋಡಿದರು. ಪೆಟ್ಟಿಗೆ ಬೆಲ್ಟಿನ ಮೇಲೇರಿ ಒಳಗೆ ಹೋಯಿತು.

ತಂಗಿ ಗಾಜಿನ ತನಕ ಬಂದು ಅಲ್ಲಿಂದಲೇ ಫೋನ್ ಮಾಡಿದಳು. ನಡುವೆ ಗಾಜು, ಮುಖಕ್ಕೆ ಮುಖ.

"ಆಯ್ತು ಅಣ್ಣ. ಟಿಕೆಟ್ ನಾನೇ ತಗೊಂಡೆ, ಫೋನಲ್ಲೇ."

"ಎಲ್ಲಿಗೆ? ಆ ಗಡಿಯೂರಿಗೇ ತಾನೆ?"

"ಅಲ್ಲ. ಅದೇ ಪಕ್ಕದ ದೇಶ, ನೀನು ಮಾಡಿಸಿದ ವೀಸಾನೇ. ಆದ್ರೆ ಆ ಕಡೆ ತುದೀಲಿ ಸಮುದ್ರದ ಪಕ್ಕ ಒಂದು ಊರಿದೆ. ಅಲ್ಲಿನ ಹಳೇ ನಾಟಕಶಾಲೆ ಅಟ್ಟದಲ್ಲಿ ಅಜ್ಜಿ ಮುತ್ತಜ್ಜಿ ಕಾಲದ ಚೌರಿಗಳನ್ನ ಕಾಪಾಡಿ ಇಟ್ಟಿದಾರಂತೆ. ಕೈಯಲ್ಲಿ ಹಿಡಿದು ನೋಡ್ಬೇಕು ಅಂತ ಎಷ್ಟೋ ವರ್ಷದ ಆಸೆ."

"ನಂಗೆ ಹೇಳ್ಲೇ ಇಲ್ವಲ್ಲೇ."

"ನೀನು ಕೇಳ್ಲೇ ಇಲ್ವಲ್ಲ ಅಣ್ಣ."

ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಇನ್ನೂ ಹೆಚ್ಚು ನಾಟಿತು. ಕಂಟ್ರೋಲರ್ ಮಾತು ಬದಲಿಸಿ, ಆ ಊರಿನಿಂದ ಮತ್ತೆ ಒಳಗೆ ಬರುವುದು ಯಾವಾಗ, ಎಷ್ಟು ಹೊತ್ತಿನ ಬಂಡಿಗೆ ಎಂದು ಕೇಳಿದರು.

"ನೋಡೋಣ," ಎಂದಳು ತಂಗಿ.

ನೋಡೋಣ ಎನ್ನುವುದು ಕಂಟ್ರೋಲರಿಗೆ ಗೊತ್ತಿದ್ದ ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಹೊತ್ತು. ಗಾಜಿನಾಚೆಯ ಅವಳ ಮುಖ ನೋಡಿದರು. ಪರದೆಯ ಹಿಂದೆ ಪಿನ್ನು ಹೆಕ್ಕುವವಳ ಮುಖವಾಗಿರಲಿಲ್ಲ ಅದು. "ಹೋಗ್ಬಾ," ಎಂದರು. ಪುಟ್ಟಿ ಎನ್ನಲು ಯಾಕೋ ಬಾಯಿ ಬರಲಿಲ್ಲ.

ಮನೆಗೆ ಮರಳುವ ಬಸ್ಸಿನಲ್ಲಿ ಕಂಡಕ್ಟರು ಹಳೆಯ ಪರಿಚಯದವನು. ಸುದ್ದಿ ಅವನಿಗೂ ಮುಟ್ಟಿತ್ತು. ಸೀಟಿನ ಕಂಬಿ ಹಿಡಿದು ನಿಂತು ಕೇಳಿದ: "ಏನ್ ಸಾರ್, ತಂಗೀನ ಹತ್ತಿಸಿ ಬಂದ್ರಾ? ಹೇಳಿ, ಎಲ್ಲಿಂದ ಎಲ್ಲಿಗೆ, ವಾಪಸ್ ಯಾವಾಗ?" ಕಂಟ್ರೋಲರ್ ಇನ್ನು ಇಳಿಯುವ ತನಕ ಮಾತು ನಿಲ್ಲಿಸುವುದಿಲ್ಲ ಎಂದುಕೊಂಡು ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದರು.

"ನಂಗೊತ್ತಿಲ್ಲಪ್ಪ," ಎಂದರು ಕಂಟ್ರೋಲರ್.

"ನಿಮ್ಗೆ ಗೊತ್ತಿಲ್ವಾ?"

"ಗೊತ್ತಿಲ್ಲ. ಅವಳಿಗೆ ಗೊತ್ತಿದೆ," ಎಂದು ಅವರು ಎದೆ ಉಬ್ಬಿಸಿ, ಹಿಂದಿನ ಸೀಟಿನವರಿಗೂ ಕೇಳುವಂತೆ ಹೇಳಿದರು.