ಹದಿನೇಳೆಂಟ್ಲೆ

"ಈಕಿ ಮೂಗ ಹಿಡದು ನಾ ಹೊಡದಿದ್ದೆ ನೋಡ್ರಿ, ಇಡೀ ಸಾಲಿಗೇ ಕೇಳಿತ್ತು!"

ಯಶೋಧರಾ ಮಾದೇವಿಯತ್ತ ಕೈ ತೋರಿಸಿ ಮೈಕಿನಲ್ಲಿ ಹೀಗೆಂದದ್ದೇ ತಡ, ಶಾಲೆಯ ಪೆಂಡಾಲಿನಡಿ ಕೂತ ಹಳೆಯ ವಿದ್ಯಾರ್ಥಿಗಳೆಲ್ಲ ಬಿದ್ದು ಬಿದ್ದು ನಕ್ಕರು. ಗುರುವಂದನೆಗೆಂದು ಶಾಲು ಹೊದಿಸಿಕೊಂಡು ವೇದಿಕೆಯ ಮೇಲೆ ಕೂತಿದ್ದ ನಾಮದೇವ ಮಾಸ್ತರರೂ ನಕ್ಕರು. ಎರಡನೇ ಸಾಲಿನಲ್ಲಿದ್ದ ಮಾದೇವಿ ಮಾತ್ರ ನಗಲಿಲ್ಲ.

ಕೃಷ್ಣಾ ದಂಡೆಯ ಆ ಊರಿನ ಶಾಲೆಯಲ್ಲಿ ಮಾಸ್ತರರದೊಂದು ಕಾನೂನಿತ್ತು. ಮಗ್ಗಿ ತಪ್ಪಿದವರ ಮೂಗನ್ನು ಸರಿ ಹೇಳಿದವರು ಹಿಡಿದು ಕಪಾಳಕ್ಕೆ ಬಾರಿಸಬೇಕು. "ಜೋರ್ ಹೊಡಿ, ಮೆಲ್ಲಕ ಹೊಡದ್ರ ನಿನಗ ಬೀಳ್ತಾವ," ಎಂದು ಮಾಸ್ತರರು ಬೆತ್ತ ಹಿಡಿದು ಹಿಂದೆ ನಿಲ್ಲುತ್ತಿದ್ದರು. ಹದಿನೇಳರ ಮಗ್ಗಿಯಲ್ಲಿ ಮಾದೇವಿ ತಡವರಿಸಿದ ದಿನ ಯಶೋಧರಾ ಜೋರಾಗಿಯೇ ಹೊಡೆದಳು. ಎಡಗಿವಿ ಗುಂಯ್ ಎಂದಿತು, ವಾರದಲ್ಲಿ ಕೀವು ಸೋರಿತು, ಆಮೇಲೆ ಸುಮ್ಮನಾಗಿಬಿಟ್ಟಿತು. ಅವ್ವ ಎಣ್ಣೆ ಕಾಸಿ ಬಿಟ್ಟಳು, ಬೀರೇಶ್ವರನ ಗುಡಿಯ ಭಂಡಾರದ ಅರಿಶಿನ ಹಚ್ಚಿದಳು. ಏನೂ ಆಗಲಿಲ್ಲ. ಮುಂದೆ ಪೊಲೀಸ್ ಭರ್ತಿಗೆ ಹೋಗಿ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದವಳನ್ನು ಡಾಕ್ಟರು ಕಿವಿ ನೋಡಿ ಮನೆಗೆ ಕಳಿಸಿದರು. ಈಗ ಜಮಖಂಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾಳೆ. ಸಿಟ್ಟು ತಾನಾಗಿ ಆರಲಿಲ್ಲ, ಅವಳೂ ಆರಿಸಲು ಹೋಗಲಿಲ್ಲ.

ಕಾರ್ಯಕ್ರಮಕ್ಕೆ ಮುಂಚೆ, ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಮಾಸ್ತರರು ಅವಳನ್ನು, "ಯಾರ ಮಗಳವ್ವಾ ನೀ?" ಎಂದು ಕೇಳಿದ್ದರು. ಹೋಳಿಗೆ ಮುಗಿಯುವುದರೊಳಗೆ ಮತ್ತೆ ಅದನ್ನೇ ಕೇಳಿದರು. ಮುದುಕರಿಗೆ ಮರೆವು ಹತ್ತಿದೆ ಎಂದು ಮಾದೇವಿಗೆ ಗೊತ್ತಾಯಿತು. ಪಾಪ ಅನ್ನಿಸಬೇಕಿತ್ತು, ಖುಷಿಯಾಯಿತು.

ತನ್ನ ಸರದಿ ಬಂದಾಗ ಅವಳು ವೇದಿಕೆ ಹತ್ತಿ ಮೈಕು ಕೈಗೆತ್ತಿಕೊಂಡಳು. "ಗುರುಗಳ, ನಿಮ್ಮ ಬಾಯಾಗ ಮಗ್ಗಿ ಕೇಳಿ ಭಾಳ ವರ್ಷ ಆತ್ರಿ. ಹದಿನೇಳರದ್ದು ಹೇಳ್ರಿ."

ಚಪ್ಪಾಳೆ ಬಿತ್ತು. ಮಾಸ್ತರರು ನೆಟ್ಟಗೆ ಕೂತು, ತಲೆ ತೂಗುತ್ತ ಶುರು ಮಾಡಿದರು. "ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು..." ನೀರು ಕುಡಿದಷ್ಟು ಸಲೀಸಾಗಿ ಹೇಳಿಕೊಂಡು ಹೋದರು. ಬೇರೆಲ್ಲ ಮರೆತರೂ ಇದೊಂದನ್ನು ಮರೆತಿಲ್ಲವಲ್ಲ ಎಂದು ಮಾದೇವಿ ಹಲ್ಲು ಕಚ್ಚಿದಳು.

"ಹದಿನೇಳೇಳ್ಲೆ ನೂರಾ ಹತ್ತೊಂಬತ್ತು, ಹದಿನೇಳೆಂಟ್ಲೆ..." ಮಾಸ್ತರರು ನಿಂತರು. "ನೂರಾ... ಇಪ್ಪತ್ತೆಂಟು?"

ಜನ ಪ್ರೀತಿಯಿಂದ ನಕ್ಕರು. ವೇದಿಕೆಯಲ್ಲೇ ಮಾಸ್ತರರ ಪಕ್ಕ ನಿಂತಿದ್ದ ಯಶೋಧರಾ ಕನಿಕರದಿಂದ ಬಾಗಿ, "ನೂರಾ ಮೂವತ್ತಾರ್ರಿ ಸರ್," ಎಂದಳು.

"ನಾನೂ ಅಲ್ಲೇ ತಪ್ಪಿದ್ದೆ," ಎಂದಳು ಮಾದೇವಿ. "ಯಶೋಧರಾ, ಅವತ್ತೂ ಸರಿ ಹೇಳಿದಾಕಿ ನೀನ, ಇವತ್ತೂ ನೀನ. ಗುರುಗಳ ಮೂಗ ಹಿಡಿ."

"ಚ್ಯಾಷ್ಟಿ ಸಾಕ ಬಿಡ ಲೇ."

"ಚ್ಯಾಷ್ಟಿ ಅಲ್ಲ. ಅವತ್ತ ನೀ ಹೊಡದ ಕಿವಿ ಇವತ್ತಿಗೂ ಕೇಳಂಗಿಲ್ಲ. ಪೊಲೀಸ್ ನೌಕರಿ ಅದರಿಂದನ ಹೋತು. ಹೊಡಿ ಅಂದವ್ರು ಇವ್ರು, ಹೊಡದಾಕಿ ನೀ. ಈಗ ಎಲ್ಲಾರೂ ನಕ್ಕಿದ್ದು ಅದಕ್ಕ."

ಪೆಂಡಾಲಿನಲ್ಲಿ ನಗು ನಿಂತಿತು. ಯಶೋಧರಾ ಮಾದೇವಿಯ ಹತ್ತಿರ ಬಂದಳು. "ನನಗ ಖರೇನ ಗೊತ್ತಿದ್ದಿಲ್ಲ ಮಾದೇವಿ. ಮೆಲ್ಲಕ ಹೊಡದಿದ್ರ ನನಗ ಬೆತ್ತ ಬೀಳ್ತಿದ್ವು."

"ಹಂಗಾರ ಈಗೂ ಜೋರ್ ಹೊಡಿ. ಮೆಲ್ಲಕ ಹೊಡದ್ರ ನಿನಗ ಬೀಳ್ತಾವ."

ಆ ಮಾತು ಕೇಳಿ ಮಾಸ್ತರರು ತಲೆ ಎತ್ತಿದರು. ಮಾದೇವಿಯ ಮುಖ ನೆನಪಾಯಿತೋ ಇಲ್ಲವೋ, ತಮ್ಮ ಮಾತಿನ ಗುರುತಂತೂ ಹತ್ತಿತು. "ಕಾನೂನು ಕಾನೂನ ಅವ್ವಾ," ಎನ್ನುತ್ತ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಒಡ್ಡಿದರು. ಕೆಳಗಿನಿಂದ ಯಾರೋ "ಬ್ಯಾಡ್ರಿ, ಬ್ಯಾಡ್ರಿ" ಎಂದರು.

ಯಶೋಧರಾ ಮಾದೇವಿಯ ಕಡೆ ನೋಡಿದಳು. ನೋಡಿ, ಎರಡು ಬೆರಳುಗಳಿಂದ ಮುದುಕರ ಮೂಗು ಹಿಡಿದಳು. ಅವರು ಬಾಯಿಂದ ಉಸಿರಾಡತೊಡಗಿದ್ದು ಮಾದೇವಿಯ ಕೈಯಲ್ಲಿದ್ದ ಮೈಕಿನಿಂದ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. ಮಾದೇವಿ ಮೈಕನ್ನು ಅವರ ಎಡಗೆನ್ನೆಯ ಹತ್ತಿರ ಸರಿಸಿ ಹಿಡಿದು, ತನ್ನ ಕೇಳುವ ಬಲಗಿವಿಯನ್ನು ಆ ಕಡೆ ತಿರುಗಿಸಿ ನಿಂತಳು.